ನಾಲ್ಕು ಮೀಟರ್ ನಡಿಗೆ: ಬಿಪಿ ಬರೆಯುವ ಚೀಟಿಯಲ್ಲಿ ಇದಕ್ಕೂ ಒಂದು ಸಾಲು ಬೇಕು

ಸಂಜೆ ಹೆಮ್ಮಾಡಿ ಪೇಟೆಗೆ ನಡೆದು ಹೋಗಿ, ಪೇಪರ್ ಓದಿ, ಒಂದು ಚಾ ಕುಡಿದು, ನಾಲ್ಕು ಮಂದಿ ಹತ್ತಿರ ಮಾತಾಡಿ ವಾಪಸು ಬರುವುದು ಅಪ್ಪಯ್ಯನ ನಿಯಮ. ಪ್ರೈಮರಿ ಶಾಲೆ ಮಾಸ್ಟ್ರಾಗಿದ್ದವರು. ನಿವೃತ್ತಿ ಆದ ಮೇಲೂ ಗಂಟೆ ಹೊಡೆದ ಹಾಗೆ ಐದಕ್ಕೆ ಹೊರಡುತ್ತಿದ್ದರು. ಮನೆಯಿಂದ ಪೇಟೆಗೆ ಹತ್ತು ನಿಮಿಷದ ದಾರಿ. ಒಂದು ವರ್ಷ ಅದು ಹದಿನೈದು ನಿಮಿಷವಾಯಿತು. ಮರುವರ್ಷ ಇಪ್ಪತ್ತು ದಾಟಿತು. ಆಮೇಲೆ ಚಾ ಅಂಗಡಿಯವರೆಗೆ ಹೋಗುವುದನ್ನು ಬಿಟ್ಟು ದಾರಿ ನಡುವಿನ ಕಟ್ಟೆ ಮೇಲೆ ಕೂತು ತಿರುಗಿ ಬರತೊಡಗಿದರು. ಬೆಂಗಳೂರಿನಿಂದ ರಜೆಗೆ ಬಂದ ನಾನು ಕೇಳಿದರೆ, "ಈಗ ಕಾಲ್ ಬತ್ತಿಲ್ಲ ಮಾರಾಯ" ಅಂದರು. "ವಯಸ್ಸಾಯ್ತಲ್ಲ" ಅಂತ ನಾವು ಸುಮ್ಮನಾದೆವು.

ಅದೇ ಅವಧಿಯಲ್ಲಿ ಅವರು ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಆ ಚೀಟಿಗಳೆಲ್ಲ ಈಗಲೂ ಮನೆಯಲ್ಲಿವೆ. ಪ್ರತಿ ಚೀಟಿಯಲ್ಲೂ ಬಿಪಿ ಇದೆ, ಶುಗರ್ ಇದೆ, ತೂಕ ಇದೆ. ಎಲ್ಲವೂ ಹೆಚ್ಚುಕಮ್ಮಿ ಸರಿಯಾಗಿಯೇ ಇವೆ. ಎರಡು ವರ್ಷದಲ್ಲಿ ಅವರ ನಡಿಗೆಯ ವೇಗ ಅರ್ಧಕ್ಕಿಳಿದಿತ್ತು ಎಂಬ ವಿಷಯ ಮಾತ್ರ ಒಂದರಲ್ಲೂ ಇಲ್ಲ. ಒಂದು ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಏಳು ತಿಂಗಳ ನಂತರ ತೀರಿಕೊಂಡರು.

ಊರಿನಲ್ಲಿ ಎಲ್ಲರೂ "ಬಿದ್ದದ್ದರಿಂದ ಹೋದರು" ಅಂದರು. ನಾನೂ ಹಾಗೇ ನಂಬಿದ್ದೆ. ಈಗ ಅನಿಸುತ್ತದೆ, ಬೀಳುವುದಕ್ಕೆ ಎರಡು ವರ್ಷ ಮೊದಲೇ ಅವರ ಕಾಲು ನಮಗೆ ಸುದ್ದಿ ಹೇಳುತ್ತಿತ್ತು. ಕೇಳಿಸಿಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲೂ ಇರಲಿಲ್ಲ, ನಮ್ಮ ಆರೋಗ್ಯ ವ್ಯವಸ್ಥೆಯಲ್ಲೂ ಇಲ್ಲ.

ನಡಿಗೆ ಏನು ಹೇಳುತ್ತದೆ?

ನಡೆಯುವುದು ನಮಗೆ ಸಾದಾ ಕೆಲಸ ಅನಿಸುತ್ತದೆ. ಆದರೆ ಒಂದು ಹೆಜ್ಜೆ ಇಡಲು ಹೃದಯ ರಕ್ತ ತಳ್ಳಬೇಕು, ಶ್ವಾಸಕೋಶ ಉಸಿರು ಒದಗಿಸಬೇಕು, ತೊಡೆಯ ಸ್ನಾಯುವಿಗೆ ಬಲ ಬೇಕು, ಮಂಡಿ ಮಡಚಬೇಕು, ಪಾದದ ನರ ನೆಲವನ್ನು ಗುರುತಿಸಬೇಕು, ಕಣ್ಣು ದಾರಿ ನೋಡಬೇಕು, ಒಳಗಿವಿ ಸಮತೋಲ ಕಾಯಬೇಕು, ಮಿದುಳು ಇದೆಲ್ಲವನ್ನೂ ಒಟ್ಟಿಗೆ ನಡೆಸಬೇಕು. ಯಾವುದೇ ಒಂದು ಕಡೆ ಸಣ್ಣ ತೊಂದರೆಯಾದರೂ ಅದು ಮೊದಲು ಕಾಣುವುದು ವೇಗದಲ್ಲಿ. ಅದಕ್ಕೇ ನಾಡಿ, ಉಸಿರು, ಜ್ವರ, ಬಿಪಿಗಳ ಸಾಲಿನಲ್ಲಿ ನಡಿಗೆಯ ವೇಗವನ್ನೂ ಸೇರಿಸಬೇಕು ಎಂದು ಅಮೆರಿಕದ ಇಬ್ಬರು ಫಿಸಿಯೋಥೆರಪಿ ತಜ್ಞರು 2009ರಲ್ಲೇ ವಾದಿಸಿದ್ದರು.

ಇದಕ್ಕೆ ದೊಡ್ಡ ಆಧಾರ ಸಿಕ್ಕಿದ್ದು 2011ರಲ್ಲಿ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂಬತ್ತು ಅಧ್ಯಯನಗಳ 34,485 ಹಿರಿಯರ ಮಾಹಿತಿಯನ್ನು ಒಟ್ಟು ಮಾಡಿದ ವರದಿ ಬಂತು. ವೇಗ ಸೆಕೆಂಡಿಗೆ 0.1 ಮೀಟರ್‌ನಷ್ಟು ಹೆಚ್ಚಿದ್ದವರಲ್ಲಿ ಸಾವಿನ ಅಪಾಯ ಸುಮಾರು 12 ಶೇಕಡಾ ಕಡಿಮೆ ಇತ್ತು. 75 ವರ್ಷದ ಗಂಡಸರನ್ನೇ ತೆಗೆದುಕೊಂಡರೆ, ಇನ್ನು ಹತ್ತು ವರ್ಷ ಬದುಕುವ ಸಾಧ್ಯತೆ ತೀರಾ ನಿಧಾನಿಗಳಲ್ಲಿ 19 ಶೇಕಡಾ, ಚುರುಕಾಗಿ ನಡೆಯುವವರಲ್ಲಿ 87 ಶೇಕಡಾ. ಹೆಂಗಸರಲ್ಲಿ ಇದು 35ರಿಂದ 91. ಒಂದೇ ವಯಸ್ಸು, ಇಷ್ಟು ಅಂತರ! ಅಂದರೆ ಜನ್ಮ ದಿನಾಂಕ ಹೇಳದ ಸಂಗತಿಯನ್ನು ಕಾಲು ಹೇಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ನಿಧಾನ ನಡಿಗೆ ಕಾಯಿಲೆಯ ಹೆಸರಲ್ಲ, ಮರಣದ ನೋಟಿಸೂ ಅಲ್ಲ. ಹೆಚ್ಚು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಲೆಕ್ಕ ಅದು. ಮಂಡಿ ಸವೆದವರು ನಿಧಾನ ನಡೆದು ತೊಂಬತ್ತು ದಾಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಜೋರಾಗಿ ನಡೆದ ಕೂಡಲೇ ಆಯುಷ್ಯ ಬೆಳೆಯುತ್ತದೆ ಅಂತಲೂ ಅಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದರೆ ಬಾನೆಟ್ ತೆಗೆದು ನೋಡುತ್ತೇವಲ್ಲ, ಇದು ಆ ದೀಪ.

ಎಷ್ಟಾದರೆ ನಿಧಾನ? ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ ಇದ್ದರೆ ಗಮನಿಸಬೇಕು ಎಂದಿತು. ಯುರೋಪಿನವರ ಗೆರೆ 0.8 ಮೀಟರ್. ನಮ್ಮ ದೇಶದಲ್ಲಿ ಇದನ್ನು ಯಾರೂ ಅಳೆದಿಲ್ಲ ಎಂದೇನಿಲ್ಲ. 2017-18ರಲ್ಲಿ ನಡೆದ ಭಾರತದ ವೃದ್ಧಾಪ್ಯ ಅಧ್ಯಯನ, ಅಂದರೆ 'ಲಾಸಿ', 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಅದರಲ್ಲಿ 60 ದಾಟಿದವರನ್ನು ಅವರವರ ಮನೆಯಲ್ಲೇ ನಾಲ್ಕು ಮೀಟರ್ ನಡೆಸಿ ಸಮಯ ಬರೆದುಕೊಂಡರು. ಸಂಶೋಧನೆಗೆ ಅಳೆದದ್ದು ಸಂಶೋಧನೆಯಲ್ಲೇ ಉಳಿಯಿತು. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಪುಸ್ತಕಕ್ಕೆ ಅದು ಇಳಿಯಲಿಲ್ಲ.

ಚಾವಡಿಯಲ್ಲಿ ಒಂದು ಪರೀಕ್ಷೆ

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮನನ್ನು ಅಳೆದೆ. ಟೇಪು ಹಿಡಿದು ಚಾವಡಿಯಲ್ಲಿ ನಾಲ್ಕು ಮೀಟರ್ ಗುರುತು ಹಾಕಿದೆ. ಹೊರಡುವ ಗೆರೆಗೆ ಒಂದು ಮೀಟರ್ ಹಿಂದಿನಿಂದ ನಡೆಯಬೇಕು, ಕೊನೆಯ ಗೆರೆ ದಾಟಿಯೂ ಒಂದು ಮೀಟರ್ ಮುಂದೆ ಹೋಗಬೇಕು. ಇಲ್ಲದಿದ್ದರೆ ಹೊರಡುವಾಗಿನ, ನಿಲ್ಲುವಾಗಿನ ನಿಧಾನವೂ ಲೆಕ್ಕಕ್ಕೆ ಬರುತ್ತದೆ. ಓಡಬಾರದು, ದಿನಾ ನಡೆಯುವ ಹಾಗೇ ನಡೆಯಬೇಕು. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಬಹುದು. ಎರಡು ಸಲ ನಡೆಸಿ ಒಳ್ಳೆಯದನ್ನು ಬರೆದುಕೊಳ್ಳಬೇಕು. ಮೊಬೈಲಿನ ಸ್ಟಾಪ್‌ವಾಚ್ ಸಾಕು.

"ಎಂತ ಮಗಾ ಇದ್, ನಾನೆಂತ ಓಟದ್ ಪಂದ್ಯಕ್ಕ್ ಹೋಪ್ದಾ?" ಅಂತ ಅಮ್ಮ ನಕ್ಕಳು. ನಾಲ್ಕು ಮೀಟರಿಗೆ ಅವಳು ತೆಗೆದುಕೊಂಡದ್ದು 6.2 ಸೆಕೆಂಡು. ಅಂದರೆ ಸೆಕೆಂಡಿಗೆ ಸುಮಾರು 0.65 ಮೀಟರ್. ಐದು ಸೆಕೆಂಡಿನೊಳಗೆ ದಾಟಿದ್ದರೆ 0.8, ನಾಲ್ಕರೊಳಗೆ ದಾಟಿದ್ದರೆ 1 ಮೀಟರ್. ಅವಳು ಎರಡೂ ಗೆರೆಗಳ ಕೆಳಗಿದ್ದಳು. ಅವಳ ಬಿಪಿಯೂ ಸರಿ ಇತ್ತು, ಶುಗರೂ ಸರಿ ಇತ್ತು. ಅಪ್ಪಯ್ಯನ ಚೀಟಿಗಳ ಹಾಗೆಯೇ.

ಈ ಸಲ "ವಯಸ್ಸಾಯ್ತಲ್ಲ" ಅನ್ನಲಿಲ್ಲ. ಡಾಕ್ಟರಿಗೆ ಸಂಖ್ಯೆಯನ್ನೇ ಹೇಳಿದೆ. ಅವರು ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನೋಡಿದರು. ನಿಂತಾಗ ಇಳಿಯುತ್ತಿತ್ತು, ಹಾಗಾಗಿ ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಾಯಿತು. ಬಿ12 ಕಡಿಮೆ ಇತ್ತು. ಒಂದು ಕಣ್ಣಿನಲ್ಲಿ ಪೊರೆ ಬಂದಿತ್ತು. ಮೂರೂ ದೊಡ್ಡ ಕಾಯಿಲೆಗಳಲ್ಲ. ಮೂರಕ್ಕೂ ತಾಲೂಕು ಮಟ್ಟದಲ್ಲೇ ಮದ್ದಿದೆ. ಆದರೆ ಯಾರೂ ಹುಡುಕಿರಲಿಲ್ಲ, ಏಕೆಂದರೆ ಹುಡುಕಬೇಕು ಎಂದು ಹೇಳುವ ಸಂಖ್ಯೆ ಯಾವ ಚೀಟಿಯಲ್ಲೂ ಇರಲಿಲ್ಲ.

ಸರ್ಕಾರಕ್ಕೆ ಗೊತ್ತಿರುವುದು ವಯಸ್ಸು ಮಾತ್ರ

ನಮ್ಮ ವ್ಯವಸ್ಥೆ ಹಿರಿಯರನ್ನು ಗುರುತಿಸುವುದು ಆಧಾರ್ ಕಾರ್ಡಿನ ಜನ್ಮ ದಿನಾಂಕದಿಂದ. 60 ಆದರೆ ಹಿರಿಯ ನಾಗರಿಕ. 65 ಆದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಬಹುದು. 70 ಆದರೆ 2024ರ ಅಕ್ಟೋಬರಿನಿಂದ ಕೇಂದ್ರದ ಆಯುಷ್ಮಾನ್ ವಿಮೆ. ಮನೆಯಿಂದಲೇ ಮತ ಹಾಕಲು 2023ರ ವಿಧಾನಸಭಾ ಚುನಾವಣೆಯಲ್ಲಿ 80 ಆಗಬೇಕಿತ್ತು, 2024ರ ಲೋಕಸಭೆಗೆ 85. ಇವೆಲ್ಲ ಬೇಕಾದ ಸೌಲಭ್ಯಗಳೇ. ಆದರೆ 68ಕ್ಕೇ ಮತಗಟ್ಟೆವರೆಗೆ ನಡೆಯಲಾಗದವರೂ ಇದ್ದಾರೆ, 82ಕ್ಕೆ ತೋಟಕ್ಕೆ ನೀರು ಬಿಟ್ಟು ಬರುವವರೂ ಇದ್ದಾರೆ. ಇನ್ನು ಆಸ್ಪತ್ರೆ ವಿಮೆಯ ಹಣ ಬರುವುದು ಬಿದ್ದು, ಮೂಳೆ ಮುರಿದು, ಅಡ್ಮಿಟ್ ಆದ ಮೇಲೆ. ಬೀಳದ ಹಾಗೆ ನೋಡಿಕೊಳ್ಳಲು ಬೇಕಾದ ಒಂದು ಟೇಪು, ಒಂದು ವಾಚಿಗೆ ಯಾವ ಯೋಜನೆಯಲ್ಲೂ ಜಾಗ ಸಿಕ್ಕಿಲ್ಲ.

ಜಾಗ ಮಾಡಬಹುದು. ಹಿರಿಯರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮ 2010-11ರಿಂದ ಇದೆ. ಅದರ ಮಾರ್ಗಸೂಚಿ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್ ನಡೆಯಬೇಕು. ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಸಲ, ಜೊತೆಗೆ ವ್ಯಾಯಾಮ ಹೇಳಿಕೊಡಲು ಒಬ್ಬ ಪುನರ್ವಸತಿ ಕಾರ್ಯಕರ್ತ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿ ಆಮೇಲೆ ಉಳಿದ ಜಿಲ್ಲೆಗಳಿಗೂ ತಂದ 'ಗೃಹ ಆರೋಗ್ಯ' ಯೋಜನೆಯಲ್ಲಿ 30 ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆ. ಬಾಗಿಲಿಗೆ ಬಂದವರಿಗೆ ಜಗಲಿಯಲ್ಲಿ ನಾಲ್ಕು ಮೀಟರ್ ನಡೆಸಿ ನೋಡಲು ಎರಡು ನಿಮಿಷ ಸಾಕು.

ಈ ಮಾತು ಬರೆಯುವಾಗ ನನಗೇ ಒಂದು ಅಳುಕು. ಆ ಎರಡು ನಿಮಿಷ ಕೊನೆಗೆ ಬೀಳುವುದು ಆಶಾ ಕಾರ್ಯಕರ್ತೆಯ ತಲೆ ಮೇಲೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಗೌರವಧನಕ್ಕಾಗಿ ಹಗಲು ರಾತ್ರಿ ಕೂತವರು ಅವರೇ. ಈಗಾಗಲೇ ಹತ್ತಾರು ರಿಜಿಸ್ಟರು, ಆ್ಯಪು ಹೊತ್ತವರ ಮೇಲೆ ಇನ್ನೊಂದು ಕಾಲಂ ಹೇರಿ, "ಎರಡೇ ನಿಮಿಷ ಅಲ್ವಾ" ಅನ್ನುವುದು ಸುಲಭ. ಕೆಲಸ ಸೇರಿಸಿದರೆ ಅದಕ್ಕೆ ಹಣವನ್ನೂ ಸೇರಿಸಬೇಕು. ಇನ್ನೊಂದು ಮಾತೂ ಇದೆ. ಅಳೆದ ಮೇಲೆ ಕಳಿಸಲು ಒಂದು ಜಾಗ ಇರಬೇಕು. ಫಿಸಿಯೋಥೆರಪಿಗೆ ಮಣಿಪಾಲಕ್ಕೋ ಉಡುಪಿಗೋ ಹೋಗಿ ಅಂದರೆ, ನಡೆಯಲಾಗದವರಿಗೆ ನಡೆಯಲು ಕಲಿಯಲಿಕ್ಕೆ ಎರಡು ಬಸ್ ಬದಲಿಸಿ ಬನ್ನಿ ಅಂದ ಹಾಗೆ. ಬೈಂದೂರು, ಬ್ರಹ್ಮಾವರಗಳಿಗೆ 2018ರಲ್ಲಿ ತಾಲೂಕಿನ ಬೋರ್ಡು ಬಂತು. ಹಿರಿಯರ ಕಾಲಿಗೆ ಆಗುವ ಚಿಕಿತ್ಸೆಯೂ ತಾಲೂಕಿಗೆ ಬಂದರೆ ಆ ಬೋರ್ಡಿಗೊಂದು ಅರ್ಥ.

ಮಳೆಗಾಲ ಎಂಬ ನಾಲ್ಕು ತಿಂಗಳು

ನಮ್ಮ ಕರಾವಳಿಗೆ ಒಂದು ವಿಶೇಷ ಕಷ್ಟವಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಮನೆಯ ಹಿರಿಯರಿಗೆ ಅಂಗಳ ಇಳಿಯಬಾರದು ಅನ್ನುತ್ತೇವೆ. ಪಾಚಿ, ಕೆಸರು, ಜಾರುವ ಮುರಕಲ್ಲಿನ ಮೆಟ್ಟಿಲು. ಬೀಳುವ ಹೆದರಿಕೆ ಸುಳ್ಳಲ್ಲ. ಕುರ್ಚಿಯಲ್ಲಿ ಕೂರಿಸಿ ಟಿವಿ ಹಾಕಿ ಕೊಡುತ್ತೇವೆ, ಅದೇ ಪ್ರೀತಿ ಅಂದುಕೊಳ್ಳುತ್ತೇವೆ.

ಸ್ನಾಯುವಿಗೆ ಈ ಪ್ರೀತಿ ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಆರೋಗ್ಯವಂತರಾದ ಕೆಲವೇ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಪ್ರಯೋಗದ ವರದಿ 2007ರಲ್ಲಿ ಬಂದಿತ್ತು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ನಮ್ಮವರು ಪೂರಾ ಮಲಗುವುದಿಲ್ಲ, ಸರಿ. ಆದರೆ ನಾಲ್ಕು ತಿಂಗಳು ಚಾವಡಿ, ಅಡುಗೆ ಮನೆ, ಬಚ್ಚಲು ಇಷ್ಟರಲ್ಲೇ ತಿರುಗಿದವರು ನವರಾತ್ರಿ ಹೊತ್ತಿಗೆ ಹೊರಬಂದಾಗ ಮೇ ತಿಂಗಳ ಮನುಷ್ಯರಾಗಿ ಇರುವುದಿಲ್ಲ. ಊಟವೂ ಇದಕ್ಕೆ ಸೇರುತ್ತದೆ. ಹಲ್ಲು ಹೋದ ಮೇಲೆ ಮೂರು ಹೊತ್ತೂ ಕುಚಲಕ್ಕಿ ಗಂಜಿ, ಉಪ್ಪಿನಕಾಯಿ. ಮೀನಾಗಲಿ, ಮೊಟ್ಟೆಯಾಗಲಿ, ಹೆಸರುಕಾಳಾಗಲಿ ತಟ್ಟೆಗೆ ಬರುವುದಿಲ್ಲ. ಸ್ನಾಯು ಕಟ್ಟಲು ಸಾಮಗ್ರಿ ಎಲ್ಲಿಂದ ಬರಬೇಕು?

ಹಾಗಾಗಿ ನಮ್ಮ ಮೂರು ತಾಲೂಕಿಗೆ ನನ್ನ ಸಲಹೆ ಸರಳ. ವರ್ಷಕ್ಕೆ ಎರಡು ಸಲ ಅಳೆಯೋಣ: ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ. ಒಂದು ದಿನದ ಸಂಖ್ಯೆಗಿಂತ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ನಿನ್ನೆ ಜ್ವರ ಬಂದವರು ಇವತ್ತು ನಿಧಾನ ನಡೆಯುತ್ತಾರೆ, ಅದು ಲೆಕ್ಕಕ್ಕಿಲ್ಲ. ಮೇ ತಿಂಗಳಲ್ಲಿ 0.9 ಇದ್ದವರು ಅಕ್ಟೋಬರಿನಲ್ಲಿ 0.7ಕ್ಕೆ ಇಳಿದು ಅಲ್ಲೇ ನಿಂತರೆ, ಅದು ಡಾಕ್ಟರಿಗೆ ತೋರಿಸಬೇಕಾದ ವಿಷಯ.

ಇಳಿದದ್ದು ಮತ್ತೆ ಏರಬಹುದೇ? ಬಹಳಷ್ಟು ಮಂದಿಯಲ್ಲಿ ಸ್ವಲ್ಪವಾದರೂ ಏರುತ್ತದೆ. ಕನಿಷ್ಠ ಪಕ್ಷ ಜಾರುವುದು ನಿಧಾನವಾಗುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 70ರಿಂದ 89 ವಯಸ್ಸಿನ, ಹೆಚ್ಚು ಅಲ್ಲಾಡದೆ ಕೂತಿರುತ್ತಿದ್ದ 1,635 ಜನರಿದ್ದರು. ಅರ್ಧ ಮಂದಿಗೆ ನಡಿಗೆ, ಕಾಲಿನ ಬಲ, ಸಮತೋಲದ ವ್ಯಾಯಾಮ ಕೊಟ್ಟರು. ಉಳಿದವರಿಗೆ ಆರೋಗ್ಯದ ಬಗ್ಗೆ ತರಗತಿ. ಸರಾಸರಿ ಎರಡೂವರೆ ವರ್ಷದ ನಂತರ, 400 ಮೀಟರ್ ನಡೆಯಲಾಗದ ಸ್ಥಿತಿಗೆ ಬರುವ ಅಪಾಯ ವ್ಯಾಯಾಮದ ಗುಂಪಿನಲ್ಲಿ 18 ಶೇಕಡಾ ಕಡಿಮೆ ಇತ್ತು. 400 ಮೀಟರ್ ಅಂದರೆ ನಮ್ಮಲ್ಲಿ ಮನೆಯಿಂದ ಬಸ್ ಸ್ಟಾಪಿಗೆ, ದೇವಸ್ಥಾನಕ್ಕೆ, ಸೊಸೈಟಿ ಅಂಗಡಿಗೆ ಇರುವ ದೂರ. ಅದು ಕೈ ತಪ್ಪಿದ ದಿನ ಹಿರಿಯರ ಲೋಕ ಅಂಗಳಕ್ಕೆ ಮುಗಿಯುತ್ತದೆ.

ಕಾಲಿನದ್ದಷ್ಟೇ ಅಲ್ಲ, ದಾರಿಯದ್ದೂ ತಪ್ಪು

ಇಷ್ಟು ಹೊತ್ತು ಹಿರಿಯರ ದೇಹದ ಬಗ್ಗೆ ಹೇಳಿದೆ. ಅವರು ನಡೆಯಬೇಕಾದ ನೆಲದ ಬಗ್ಗೆ ಹೇಳದಿದ್ದರೆ ಅನ್ಯಾಯ. "ದಿನಾ ನಡೀರಿ" ಅಂತ ಡಾಕ್ಟರು ಹೇಳುತ್ತಾರೆ. ಎಲ್ಲಿ ನಡೆಯುವುದು? ಕುಂದಾಪುರ ಪೇಟೆಯವರಿಗೆ ಗಾಂಧಿ ಮೈದಾನವಿದೆ. ಉಳಿದವರಿಗೆ?

ಶಿರೂರಿನಿಂದ ಬ್ರಹ್ಮಾವರದವರೆಗೆ ಮೂರು ತಾಲೂಕನ್ನೂ ಸೀಳಿಕೊಂಡು ಹೋಗುತ್ತದೆ ರಾಷ್ಟ್ರೀಯ ಹೆದ್ದಾರಿ 66. ಅರ್ಧ ಊರು ಪಡುವಲಲ್ಲಿ, ಅರ್ಧ ಊರು ಮೂಡಲಲ್ಲಿ. ಮನೆ ಒಂದು ಕಡೆಯಾದರೆ ಶಾಲೆ, ಬ್ಯಾಂಕು, ಆಸ್ಪತ್ರೆ ಇನ್ನೊಂದು ಕಡೆ. ಚತುಷ್ಪಥದಲ್ಲಿ ಒಂದು ಬದಿಯ ಎರಡು ಲೇನಿನ ಅಗಲ 7 ಮೀಟರ್. ಸೆಕೆಂಡಿಗೆ 0.65 ಮೀಟರ್ ನಡೆಯುವ ನನ್ನ ಅಮ್ಮನಿಗೆ ಅದನ್ನು ದಾಟಲು 11 ಸೆಕೆಂಡು ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು ಅಷ್ಟರಲ್ಲಿ ಸುಮಾರು 240 ಮೀಟರ್ ಬಂದಿರುತ್ತದೆ. ಅಂದರೆ ಕಣ್ಣಿನಲ್ಲಿ ಪೊರೆ ಬಂದ ಅವಳು ಕಾಲು ಗಂಟೆ ನಿಂತು, 240 ಮೀಟರ್ ದೂರದವರೆಗೆ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೆಜ್ಜೆ ಇಡಬೇಕು. ಆಮೇಲೆ ಡಿವೈಡರ್ ಹತ್ತಿ, ಇಳಿದು, ಇನ್ನೊಂದು ಬದಿಗೂ ಅದೇ ಲೆಕ್ಕ.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆ ಅಲ್ಲ. ಬ್ರಿಟನ್ನಿನಲ್ಲಿ ಪಾದಚಾರಿ ಸಿಗ್ನಲ್ಲುಗಳು ಸೆಕೆಂಡಿಗೆ 1.2 ಮೀಟರ್ ವೇಗವನ್ನು ಲೆಕ್ಕವಾಗಿ ಹಿಡಿಯುತ್ತಿದ್ದವು. ಇಂಗ್ಲೆಂಡಿನ 65 ದಾಟಿದವರಲ್ಲಿ ಬಹುಪಾಲು ಗಂಡಸರು, ಹೆಂಗಸರು ಆ ವೇಗ ಮುಟ್ಟುವುದಿಲ್ಲ ಎಂದು 2012ರ ಅಧ್ಯಯನವೊಂದು ತೋರಿಸಿತು. ಅಲ್ಲಿ ಸಿಗ್ನಲ್ಲಿನ ಸೆಕೆಂಡುಗಳ ಬಗ್ಗೆ ಚರ್ಚೆ. ನಮ್ಮ ಎಷ್ಟೋ ಕ್ರಾಸಿಂಗಿನಲ್ಲಿ ಸಿಗ್ನಲ್ಲೇ ಇಲ್ಲ.

ಬಸ್ಸಿನದ್ದು ಇನ್ನೊಂದು ಕಥೆ. ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ಓಟ ಹೆಚ್ಚು, ಅವುಗಳ ಜೀವ ಟೈಮಿಂಗ್. ಹಿಂದಿನ ಬಸ್ಸು ಬರುವುದರೊಳಗೆ ಮುಂದಿನ ಸ್ಟಾಪು ಮುಟ್ಟಬೇಕು. ಎತ್ತರದ ಮೊದಲ ಮೆಟ್ಟಿಲಿಗೆ ಅಜ್ಜಿ ಒಂದು ಕಾಲು ಇಡುವಷ್ಟರಲ್ಲಿ ಸೀಟಿ ಬೀಳುತ್ತದೆ. ಕಂಡಕ್ಟರ್ ಕೆಟ್ಟವನಲ್ಲ, ಎಷ್ಟೋ ಸಲ ಕೈ ಹಿಡಿದು ಹತ್ತಿಸುವವನೂ ಅವನೇ. ಆದರೆ ಆ ಟೈಮಿಂಗ್ ಹಾಕುವಾಗ ಯಾರ ಕಾಲಿನ ವೇಗವನ್ನು ಲೆಕ್ಕ ಹಿಡಿದರು?

ರೈಲಿನ ಲೆಕ್ಕವನ್ನೂ ಹಾಕಿ ನೋಡಿ. ಮೂಡ್ಲಕಟ್ಟೆಯ ಕುಂದಾಪುರ ಸ್ಟೇಷನ್ನಿನಲ್ಲಿ ಬಹುತೇಕ ರೈಲುಗಳು ನಿಲ್ಲುವುದು ಒಂದೆರಡು ನಿಮಿಷ. ಎರಡು ನಿಮಿಷದಲ್ಲಿ ಅಮ್ಮ ನಡೆಯಬಲ್ಲದ್ದು 78 ಮೀಟರ್. ಒಂದು ಬೋಗಿಯ ಉದ್ದ ಸುಮಾರು 23 ಮೀಟರ್. ಅವಳ ಬೋಗಿ ನಿಂತ ಜಾಗದಿಂದ ನಾಲ್ಕು ಬೋಗಿ ಆಚೆ ಬಂದರೆ ರೈಲು ತಪ್ಪಿದ ಹಾಗೆಯೇ.

ಒಳಗಿನ ಹಳ್ಳಿಗಳಲ್ಲಿ ಕಾಲುಸಂಕಗಳಿವೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆಗ ರಾಜ್ಯವೆಲ್ಲ ಒಮ್ಮೆ ಇತ್ತ ತಿರುಗಿ ನೋಡಿತು. ಅಂಥ ಸಂಕಗಳ ಮೇಲೆ ಮಕ್ಕಳು ಬೆಳಿಗ್ಗೆ ದಾಟಿದರೆ ಮಧ್ಯಾಹ್ನ ಮದ್ದಿನ ಚೀಟಿ ಹಿಡಿದು ದಾಟುವವರು ಅಜ್ಜ, ಅಜ್ಜಿಯರು. ದಾಟಲು ಧೈರ್ಯ ಬಾರದವರು ಮಳೆಗಾಲ ಮುಗಿಯುವವರೆಗೆ ಮದ್ದನ್ನೇ ಬಿಡುತ್ತಾರೆ. ಅವರ ಲೆಕ್ಕ ಯಾರ ಪುಸ್ತಕದಲ್ಲೂ ಸಿಗುವುದಿಲ್ಲ.

ಹೀಗೆ ಒಂದು ಚಕ್ರ ತಿರುಗುತ್ತದೆ. ನಿಧಾನವಾದವರು ರಸ್ತೆಗೆ ಹೆದರಿ ಹೊರಗೆ ಹೋಗುವುದನ್ನು ಬಿಡುತ್ತಾರೆ. ಬಿಟ್ಟದ್ದರಿಂದ ಮತ್ತೂ ನಿಧಾನವಾಗುತ್ತಾರೆ. ನಾವು ಅದಕ್ಕೆ "ವಯಸ್ಸು" ಅಂತ ಹೆಸರಿಡುತ್ತೇವೆ.

ಇನ್ನು ಯಾರ ಕೆಲಸ?

ನಮ್ಮದು ಮಕ್ಕಳನ್ನು ಬೆಂಗಳೂರು, ಮುಂಬೈಯ ಹೋಟೆಲುಗಳಿಗೆ, ಕೊಲ್ಲಿ ದೇಶಗಳಿಗೆ, ಐಟಿ ಕಂಪೆನಿಗಳಿಗೆ ಕಳಿಸಿದ ಸೀಮೆ. ದೊಡ್ಡ ಮನೆಗಳಲ್ಲಿ ಇಬ್ಬರೋ ಒಬ್ಬರೋ ಹಿರಿಯರು ಉಳಿದಿದ್ದಾರೆ. ದೇಶದಲ್ಲಿ 60 ದಾಟಿದವರು 2022ರಲ್ಲಿ ನೂರಕ್ಕೆ 10.5ರಷ್ಟಿದ್ದರು, 2050ಕ್ಕೆ 20.8 ಆಗುತ್ತಾರೆ ಎನ್ನುತ್ತದೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ವರದಿ. ದೇಶ ನಾಳೆ ಕಾಣಲಿರುವ ಚಿತ್ರವನ್ನು ನಮ್ಮ ಮನೆಗಳು ಇವತ್ತೇ ಕಾಣುತ್ತಿವೆ. ಫೋನಿನಲ್ಲಿ "ಹುಷಾರಿದ್ಯಾ" ಅಂದರೆ "ಹುಷಾರಿದ್ದೆ" ಎಂಬ ಉತ್ತರ ಬರುತ್ತದೆ. ವಿಡಿಯೋ ಕಾಲಿನಲ್ಲಿ ಮುಖ ಕಾಣುತ್ತದೆ, ಕಾಲು ಕಾಣುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಒಂದು ಟೇಪು ಹಿಡಿದು ಹೋಗಿ ಎಂದು ನನ್ನ ಓರಗೆಯವರಿಗೆ ಹೇಳುವುದು ಅದಕ್ಕೇ.

ಮನೆಯವರು ಅಳೆಯುವುದರಿಂದ ಎಲ್ಲವೂ ಮುಗಿಯುವುದಿಲ್ಲ. ಮಕ್ಕಳಿಲ್ಲದವರನ್ನು, ಟೇಪು ಹಿಡಿಯುವವರಿಲ್ಲದವರನ್ನು ಅಳೆಯಬೇಕಾದ್ದು ಸರ್ಕಾರವೇ. ವಾರದ ಹಿರಿಯರ ಕ್ಲಿನಿಕ್ಕಿನ ಗೋಡೆಯ ಕೆಳಗೆ ನಾಲ್ಕು ಮೀಟರಿನ ಎರಡು ಗೆರೆ ಬಳಿಯಲು ಯಾವ ಟೆಂಡರೂ ಬೇಡ. ಗ್ರಾಮಸಭೆಯಲ್ಲಿ ಚರಂಡಿ, ಬೀದಿ ದೀಪದ ಜೊತೆ "ನಮ್ಮೂರ ಹಿರಿಯರು ಹೆದ್ದಾರಿಯನ್ನು ಎಲ್ಲಿ, ಎಷ್ಟು ಸೆಕೆಂಡಿನಲ್ಲಿ ದಾಟುತ್ತಾರೆ" ಎಂದು ಒಬ್ಬರು ಎದ್ದು ಕೇಳಿದರೂ ಒಂದು ಆರಂಭ.

ಅಮ್ಮನ ಸುದ್ದಿ ಹೇಳಿ ಮುಗಿಸುತ್ತೇನೆ. ಕಣ್ಣಿನ ಆಪರೇಷನ್ ಆಯಿತು. ಮಾತ್ರೆ ಬದಲಾಯಿತು. ಮಳೆಗಾಲ ಪೂರ್ತಿ ದಿನಕ್ಕೆರಡು ಸಲ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತಳು, ಬೈದುಕೊಂಡೇ. ಚಾವಡಿಯ ಆ ಕೊನೆಯಿಂದ ಈ ಕೊನೆಗೆ ನಡೆದಳು. ಅಕ್ಟೋಬರಿನಲ್ಲಿ ಮತ್ತೆ ಅಳೆದಾಗ ನಾಲ್ಕು ಮೀಟರಿಗೆ 5 ಸೆಕೆಂಡು. ಸೆಕೆಂಡಿಗೆ 0.8 ಮೀಟರ್. ಪವಾಡವೇನಲ್ಲ. ಆದರೆ ಈಗ ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬರುತ್ತಾಳೆ.

ಹೆದ್ದಾರಿಯ ಒಂದು ಬದಿ ದಾಟಲು ಅವಳಿಗೆ ಈಗಲೂ ಸುಮಾರು 9 ಸೆಕೆಂಡು ಬೇಕು. ಬಸ್ಸು ಅಷ್ಟರಲ್ಲಿ ಸುಮಾರು 200 ಮೀಟರ್ ಬಂದಿರುತ್ತದೆ. ಅವಳ ಪಾಲಿನ ಕೆಲಸವನ್ನು ಅವಳು ಮಾಡಿದ್ದಾಳೆ. ಹೆಮ್ಮಾಡಿ ಜಂಕ್ಷನ್ನಿನಲ್ಲಿ ಸೆರಗು ಬಿಗಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ ಅವಳು ಇನ್ನೂ ನಿಂತಿರುತ್ತಾಳೆ.